ಕಂಪ್ಯೂಟರ್ ಚೀಟಿ ಎತ್ತುವ ಬಗೆ

ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿವೆ: ಕೆ.ಆರ್. ಪುರ, ಬ್ಯಾಟರಾಯನಪುರ, ಯಶವಂತಪುರ, ದಾಸರಹಳ್ಳಿ, ಮಹಾಲಕ್ಷ್ಮಿ ಲೇಔಟ್, ಮಲ್ಲೇಶ್ವರ, ಹೆಬ್ಬಾಳ, ಪುಲಿಕೇಶಿನಗರ. ಇವುಗಳಲ್ಲಿ ಯಾವುದಾದರೂ ಒಂದನ್ನು, ಯಾರ ಮುಲಾಜೂ ಇಲ್ಲದೆ, ಆರಿಸಿಕೊಡು ಎಂದು ಕಂಪ್ಯೂಟರಿಗೆ ಹೇಳಬೇಕಾಗಿದೆ ಎನ್ನಿ. ಪೈಥಾನ್ ಭಾಷೆಯಲ್ಲಿ ಇದು ಒಂದೇ ಸಾಲಿನ ಕೆಲಸ. ಪಟ್ಟಿಯನ್ನು ‘ರ‍್ಯಾಂಡಮ್.ಚಾಯ್ಸ್’ ಕೈಗೆ ಒಪ್ಪಿಸಿದರೆ ಒಂದು ಹೆಸರು ಹೊರಬೀಳುತ್ತದೆ. ಆ ಸಾಲಿನ ಒಳಗೆ ನಡೆಯುವುದೇನು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಆರಿಸುವುದು ಸಂಖ್ಯೆಯನ್ನು

ಕಂಪ್ಯೂಟರ್ ಹೆಸರುಗಳನ್ನು ನೋಡುವುದೇ ಇಲ್ಲ. ಪಟ್ಟಿಯ ಪ್ರತಿ ಹೆಸರಿಗೂ ಒಂದು ಸ್ಥಾನ. ಎಣಿಕೆ ಸೊನ್ನೆಯಿಂದ ಶುರು. ಕೆ.ಆರ್. ಪುರ 0, ಹೆಬ್ಬಾಳ 6, ಪುಲಿಕೇಶಿನಗರ 7. ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಸ್ಥಾನ ಆರಿಸುವ ಲೆಕ್ಕವನ್ನು ನಾವೇ ಬರೆಯಬೇಕು. ಅಲ್ಲಿನ ‘ಮ್ಯಾಥ್.ರ‍್ಯಾಂಡಮ್’ ಸೊನ್ನೆಯಿಂದ ಹಿಡಿದು ಒಂದಕ್ಕಿಂತ ತುಸು ಕಡಿಮೆಯವರೆಗಿನ ಯಾವುದೋ ದಶಮಾಂಶ ಸಂಖ್ಯೆ ಕೊಡುತ್ತದೆ. ಅದನ್ನು 8ರಿಂದ ಗುಣಿಸಿ, ಬಿಂದುವಿನ ನಂತರದ್ದನ್ನು ಬಿಟ್ಟುಬಿಟ್ಟರಾಯಿತು. 0.79 ಬಂದರೆ 6.32, ಅಂದರೆ 6: ಹೆಬ್ಬಾಳ.

ಕೊನೆಯ ಸ್ಥಾನ 7 ತಾನೇ ಎಂದು 7ರಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿದರೆ? ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ. ಆದರೆ ಗುಣಲಬ್ಧ 0.5ಕ್ಕಿಂತ ಕಡಿಮೆ ಬಂದಾಗ ಮಾತ್ರ ಕೆ.ಆರ್. ಪುರ, 6.5 ದಾಟಿದಾಗ ಮಾತ್ರ ಪುಲಿಕೇಶಿನಗರ. ಮೊದಲ ಮತ್ತು ಕೊನೆಯ ಹೆಸರಿಗೆ ಉಳಿದವುಗಳ ಅರ್ಧದಷ್ಟೇ ಅವಕಾಶ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಕಂಪ್ಯೂಟರಿನಿಂದ ಒಂದು ಬೈಟ್ ಕೇಳಿದರೆ 0ಯಿಂದ 255ರವರೆಗಿನ 256 ಸಂಖ್ಯೆಗಳಲ್ಲಿ ಒಂದು ಬರುತ್ತದೆ. 200 ಮತಗಟ್ಟೆಗಳ ಪಟ್ಟಿಯಿಂದ ಒಂದನ್ನು ಆರಿಸಲು, ಬಂದ ಸಂಖ್ಯೆಯನ್ನು 200ರಿಂದ ಭಾಗಿಸಿ ಶೇಷ ತೆಗೆದುಕೊಂಡರೆ, ಮೊದಲ 56 ಮತಗಟ್ಟೆಗಳಿಗೆ ಎರಡೆರಡು ಅವಕಾಶ, ಉಳಿದ 144ಕ್ಕೆ ಒಂದೇ. ಪರಿಹಾರ ಸುಲಭ: 200 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಎಸೆದು ಮತ್ತೊಂದನ್ನು ಕೇಳುವುದು. ಪೈಥಾನ್ ಒಳಗೊಳಗೇ ಮಾಡುವುದೂ ಇದನ್ನೇ.

ಬೀಜ ಗೊತ್ತಾದರೆ ಫಲವೂ ಗೊತ್ತು

ಕಂಪ್ಯೂಟರ್ ಲೆಕ್ಕದ ಯಂತ್ರ. ಅದು ಕೊಡುವ ಸಂಖ್ಯೆಗಳೂ ಒಂದು ಸೂತ್ರದಿಂದ ಹುಟ್ಟಿದವೇ. ಪೈಥಾನ್‌ನ ‘ರ‍್ಯಾಂಡಮ್’ ಬಳಸುವ ಸೂತ್ರ ‘ಮರ್ಸೆನ್ ಟ್ವಿಸ್ಟರ್’. ಜಪಾನಿನ ಮಕೊಟೊ ಮತ್ಸುಮೊಟೊ ಮತ್ತು ತಕುಜಿ ನಿಶಿಮುರ ಅದನ್ನು 1998ರಲ್ಲಿ ಪ್ರಕಟಿಸಿದರು. ಸೂತ್ರ ಹೊರಡುವ ಮೊದಲ ಸಂಖ್ಯೆಗೆ ‘ಸೀಡ್’, ಅಂದರೆ ಬೀಜ, ಎನ್ನುತ್ತಾರೆ. ಬೀಜ ಒಂದೇ ಆದರೆ ಸಂಖ್ಯೆಗಳ ಸಾಲೂ ಅದೇ. ಅಷ್ಟೇ ಅಲ್ಲ, ಈ ಸೂತ್ರ ಕೊಟ್ಟ 624 ಸಂಖ್ಯೆಗಳನ್ನು ಪೂರ್ತಿಯಾಗಿ ಕಂಡವರು ಮುಂದಿನದ್ದನ್ನೆಲ್ಲ ಹೇಳಿಬಿಡಬಹುದು. ಪ್ರಯೋಗವನ್ನು ಅದೇ ರೀತಿ ಮತ್ತೆ ಮಾಡಿ ನೋಡುವವರಿಗೆ ಇದು ಅನುಕೂಲ. ಪಾಸ್‌ವರ್ಡ್ ಕಟ್ಟುವವರಿಗೆ ಅಪಾಯ. ಹಾಗಾಗಿಯೇ ಪೈಥಾನ್ 3.6ರಲ್ಲಿ ‘ಸೀಕ್ರೆಟ್ಸ್’ ಎಂಬ ಬೇರೆ ಭಾಗ ಸೇರಿತು. ಅದು ಊಹಿಸಲಾಗದ ಸಂಖ್ಯೆಗಳನ್ನು ಆಪರೇಟಿಂಗ್ ಸಿಸ್ಟಮ್‌ನಿಂದ ಪಡೆಯುತ್ತದೆ.

ಸೂತ್ರವೇ ಇಲ್ಲದ ಸಂಖ್ಯೆ ಬೇಕೆಂದರೆ ಪ್ರಕೃತಿಯನ್ನೇ ಕೇಳಬೇಕು. ಹೆಬ್ಬಾಳದ ಕಡೆಯಿಂದ ನಗರಕ್ಕೆ ಬರುವ ದಾರಿಯಲ್ಲಿ ಮೇಖ್ರಿ ಸರ್ಕಲ್ ಸಿಗುತ್ತದೆ. ಅದರ ಬಳಿಯಿರುವ ರಾಮನ್ ಸಂಶೋಧನಾ ಸಂಸ್ಥೆಯನ್ನು ಸರ್ ಸಿ.ವಿ. ರಾಮನ್ 1948ರಲ್ಲಿ ಸ್ಥಾಪಿಸಿದರು. ಅಲ್ಲಿನ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು ಬೆಳಕಿನ ಒಂಟಿ ಕಣಗಳಿಂದ, ಅಂದರೆ ಫೋಟಾನ್‌ಗಳಿಂದ, 9 ಲಕ್ಷಕ್ಕೂ ಹೆಚ್ಚು (0 ಅಥವಾ 1 ಎಂಬ) ಬಿಟ್‌ಗಳನ್ನು ಪಡೆದು 2024ರಲ್ಲಿ ವರದಿ ಮಾಡಿದರು. ಈ ಬಿಟ್‌ಗಳು ಮೊದಲೇ ನಿಗದಿಯಾದವಲ್ಲ ಎಂಬುದಕ್ಕೆ ಪ್ರಯೋಗದ ಫಲಿತಾಂಶವೇ ಪುರಾವೆ ಒದಗಿಸುತ್ತದೆ ಎಂಬುದು ಆ ಕೆಲಸದ ಹೆಚ್ಚುಗಾರಿಕೆ.

ಕಾಗದದ ಚೀಟಿ ಏಕೆ ಉಳಿಯಿತು?

ಚುನಾವಣೆಯಲ್ಲಿ ಯಾವ ಮತಯಂತ್ರ ಯಾವ ಮತಗಟ್ಟೆಗೆ ಎಂಬುದನ್ನು ಹಂಚುವುದು ಕಂಪ್ಯೂಟರೇ. ಆದರೆ ಎಣಿಕೆಯ ದಿನ ಪರಿಶೀಲನೆಗೆ ಮತಗಟ್ಟೆಗಳನ್ನು ಆರಿಸುವಾಗ ಚುನಾವಣಾ ಆಯೋಗ ಚೀಟಿ ಎತ್ತಿಸುತ್ತದೆ. 2019ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ಆದೇಶದಂತೆ, ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು, ಅಂದರೆ ಮತ ಹಾಕಿದಾಗ ಯಂತ್ರ ಮುದ್ರಿಸುವ ಕಾಗದದ ಚೀಟಿಗಳನ್ನು, ಕೈಯಿಂದ ಎಣಿಸಿ, ಯಂತ್ರದ ಲೆಕ್ಕಕ್ಕೆ ತಾಳೆ ನೋಡಬೇಕು. ಬೆಂಗಳೂರು ಉತ್ತರದ ಮಟ್ಟಿಗೆ ಎಂಟೈದಲೆ ನಲವತ್ತು.

ಆರಿಸುವ ಕ್ರಮ ಹೀಗಿದೆ: ಪೋಸ್ಟ್‌ಕಾರ್ಡ್ ಅಳತೆಯ ಬಿಳಿ ಕಾಗದದ ಮೇಲೆ ಮತಗಟ್ಟೆಯ ಸಂಖ್ಯೆ, ಒಂದೊಂದು ಅಂಕಿಯೂ ಕನಿಷ್ಠ ಒಂದು ಅಂಗುಲ ದೊಡ್ಡದು. ಪ್ರತಿ ಕಾಗದವನ್ನೂ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ, ಅಂಕಿ ಕಾಣದಂತೆ ನಾಲ್ಕು ಮಡಿಕೆ ಮಾಡಿ, ದೊಡ್ಡ ಪೆಟ್ಟಿಗೆಗೆ ಹಾಕಿ ಕುಲುಕಿ, ಐದನ್ನು ಎತ್ತಬೇಕು. ಗಣಿತದ ದೃಷ್ಟಿಯಿಂದ ಇದು ಒಳ್ಳೆಯ ಪ್ರೋಗ್ರಾಮಿಗಿಂತ ಮೇಲೇನಲ್ಲ. ಆದರೆ ಇಲ್ಲಿ ಮೋಸ ನಡೆದಿಲ್ಲ ಎಂದು ತಿಳಿಯಲು ಕೋಡ್ ಓದಲು ಬರಬೇಕಿಲ್ಲ, ಕಣ್ಣಿದ್ದರೆ ಸಾಕು.

ಆದ್ದರಿಂದ ಆಯ್ಕೆಯ ಸಾಧನವನ್ನು ಸಂದರ್ಭ ನೋಡಿ ಹಿಡಿಯಿರಿ. ಆಟಕ್ಕೆ, ತರಗತಿಯ ರಸಪ್ರಶ್ನೆಗೆ ‘ರ‍್ಯಾಂಡಮ್.ಚಾಯ್ಸ್’ ಧಾರಾಳವಾಗಿ ಸಾಕು. ಪಾಸ್‌ವರ್ಡ್, ಒಟಿಪಿ ಎಂದರೆ ‘ಸೀಕ್ರೆಟ್ಸ್.ಚಾಯ್ಸ್’ ಬೇಕು. ಸೀಟು, ಸೈಟು, ಮನೆ ಹಂಚುವಂಥ ಕಡೆ ಇವೆರಡೂ ಸಾಲವು: ಪಟ್ಟಿಯನ್ನೂ ವಿಧಾನವನ್ನೂ ಮೊದಲೇ ಪ್ರಕಟಿಸಿ, ಸಂಬಂಧಪಟ್ಟವರ ಎದುರಿಗೇ ಆಯ್ಕೆ ನಡೆಸಬೇಕು.