ಗುಡಿಯಷ್ಟು ದೊಡ್ಡ ಪೇಟಿ

ಮಳೆಗಾಲ ಬಂತೆಂದರೆ ನಮ್ಮ ಗೋರ್ಟಾ (ಬಿ) ಊರಿನ ಭಜನೆಯ ಪೇಟಿ, ಅಂದರೆ ಹಾರ್ಮೋನಿಯಂ, ಮುನಿಸಿಕೊಳ್ಳುತ್ತದೆ. ಒಂದು ಮನೆ ಒತ್ತಿದರೆ ಪಕ್ಕದ್ದೂ ಕೂಗುತ್ತದೆ. ಇಲ್ಲವೇ ಯಾರೂ ಮುಟ್ಟದಿದ್ದರೂ ತಾನೇ ಸಣ್ಣಗೆ ‘ಊಂ’ ಎನ್ನುತ್ತ ಕೂರುತ್ತದೆ. ಹಲಗೆ ಬಿಚ್ಚಿ ನೋಡಿದರೆ ಒಳಗಿರುವುದು ಇಷ್ಟೇ: ಒಂದು ತಿದಿ, ಗಾಳಿ ಕೂಡಿಟ್ಟುಕೊಳ್ಳುವ ಗೂಡು, ಸಾಲಾಗಿ ಹಿತ್ತಾಳೆಯ ನಾಲಿಗೆಗಳು, ಅವುಗಳ ದಾರಿ ಮುಚ್ಚುವ ಮರದ ಪಟ್ಟಿಗಳು. ತೇವಕ್ಕೆ ಮರ ಉಬ್ಬಿ ಪಟ್ಟಿ ಸರಿಯಾಗಿ ಕೂರಲಿಲ್ಲವೋ, ಗಾಳಿ ಸೋರಿತು. ರೋಗ ಅಷ್ಟೇ.

ಈ ಪೆಟ್ಟಿಗೆಯನ್ನೇ ಗುಡಿಯಷ್ಟು ಹಿಗ್ಗಿಸಿ, ನಾಲಿಗೆಗಳ ಜಾಗದಲ್ಲಿ ಸಾವಿರಾರು ಕೊಳವೆಗಳನ್ನು ನಿಲ್ಲಿಸಿ ನೋಡಿ. ಅದು ಕ್ಯಾಥೆಡ್ರಲ್‌ಗಳ ಪೈಪ್ ಆರ್ಗನ್. ವಯಸ್ಸಿನಲ್ಲಿ ಅದು ಪೇಟಿಯ ಮುತ್ತಜ್ಜ. ಕ್ರಿಸ್ತಪೂರ್ವ 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಕ್ಟೆಸಿಬಿಯಸ್ ನೀರಿನ ಒತ್ತಡದಿಂದ ಕೊಳವೆ ನುಡಿಸುವ ಯಂತ್ರ ಮಾಡಿದ್ದ. ಹಾರ್ಮೋನಿಯಂ ಎಂಬ ಹೆಸರಿಗೆ ಪ್ಯಾರಿಸ್‌ನ ಅಲೆಕ್ಸಾಂಡರ್ ದೆಬೆನ್ ಪೇಟೆಂಟ್ ಪಡೆದದ್ದು 1842ರಲ್ಲಿ. ಅಷ್ಟು ದೊಡ್ಡ ಆರ್ಗನ್ನಿಗೆ ಜಾಗವೂ ದುಡ್ಡೂ ಇಲ್ಲದ ಸಣ್ಣ ಚರ್ಚುಗಳಿಗೆ ಅದು ಒಗ್ಗಿತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದರ ಕಾಲು ಕತ್ತರಿಸಿ, ನೆಲದ ಮೇಲೆ ಕೂತು ಕೈಯಲ್ಲಿ ತಿದಿ ಒತ್ತುವಂತೆ ಮಾಡಿದರು. ಆಮೇಲೆ ಅದು ಹುಮನಾಬಾದ್ ಪಕ್ಕದ ಮಾಣಿಕನಗರದ ಸಂಗೀತ ದರ್ಬಾರಿಗೂ ಬಂತು, ಬೀದರ ಸೀಮೆಯ ಮೆಥೋಡಿಸ್ಟ್ ಚರ್ಚುಗಳಿಗೂ ಬಂತು, ನಮ್ಮ ಭಜನೆಗೂ ಬಂತು.

ಮುತ್ತಜ್ಜನನ್ನು ನೋಡಬೇಕಾದರೆ ಬೆಂಗಳೂರಿಗೆ ಹೋಗಬಹುದು. ಕಬ್ಬನ್ ರಸ್ತೆಯಲ್ಲಿ ಸ್ಕಾಟರು 1860ರ ದಶಕದಲ್ಲಿ ಕಟ್ಟಿದ ಸೇಂಟ್ ಆಂಡ್ರ್ಯೂಸ್ ಚರ್ಚಿನಲ್ಲಿ ಒಂದು ಪೈಪ್ ಆರ್ಗನ್ ಇದೆ. ಚೆನ್ನೈನಲ್ಲಿ ಅದೇ ಹೆಸರಿನ ಚರ್ಚಿನ ಆರ್ಗನ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಪೀಟರ್ ಕೊನಾಕರ್ ಕಾರ್ಖಾನೆಯಲ್ಲಿ ತಯಾರಾಗಿ 1883ರಲ್ಲಿ ಬಂದದ್ದು. ಬಿಸಿನಾಡಿಗೆ ಕಳಿಸುವ ಆರ್ಗನ್ನುಗಳಿಗೆ ತಯಾರಕರು ತೇಗವನ್ನು ಬಳಸಿ, ಬರೀ ಅಂಟನ್ನು ನಂಬದೆ ತಿರುಪು ಹಾಕುತ್ತಿದ್ದರು. ಗೆದ್ದಲು, ಇಲಿ, ಮುಂಗಾರು ಎಲ್ಲವೂ ಲೆಕ್ಕದಲ್ಲಿರಬೇಕಲ್ಲ.

ಕೊಳವೆ ಮಾಡುವ ಕೆಲಸ ಅರ್ಧ ಕಂಚುಗಾರನದು, ಅರ್ಧ ದರ್ಜಿಯದು. ತವರ, ಸೀಸ ಎರಡನ್ನೂ ಕರಗಿಸಿ ಉದ್ದನೆಯ ಮೇಜಿನ ಮೇಲೆ ಸುರಿದು ತಗಡು ಎಳೆಯುತ್ತಾರೆ. ತವರ ಹೆಚ್ಚಾದರೆ ದನಿಗೆ ಹೊಳಪು, ಸೀಸ ಹೆಚ್ಚಾದರೆ ಮೆದು ಎಂಬುದು ಕಸುಬುದಾರರ ಮಾತು. ತಗಡನ್ನು ಬಟ್ಟೆಯಂತೆ ಕತ್ತರಿಸಿ, ಮರದ ಅಚ್ಚಿಗೆ ಸುತ್ತಿ ಬೆಸೆದು, ಕೆಳಗೆ ಕೊಳಲಿಗಿದ್ದಂತೆ ಬಾಯಿ ತೆರೆಯುತ್ತಾರೆ. 8 ಅಡಿಯ ತೆರೆದ ಕೊಳವೆ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. 32 ಅಡಿಯದು ಬರೀ 16 ಸಲ. ಅದು ಕಿವಿಗಿಂತ ಮೊದಲು ಕೂತ ಬೆಂಚಿಗೆ ಕೇಳಿಸುತ್ತದೆ. ಎತ್ತರ ಸಾಲದ ಕಟ್ಟಡಕ್ಕೆ ಒಂದು ಉಪಾಯವುಂಟು: ಕೊಳವೆಯ ಮೇಲ್ತುದಿ ಮುಚ್ಚಿದರೆ ಅರ್ಧ ಉದ್ದದಲ್ಲೇ ಅದೇ ಸ್ವರ ಸಿಗುತ್ತದೆ. ಒಂದೊಂದು ಬಣ್ಣದ ದನಿಗೂ ಒಂದೊಂದು ಪೂರ್ತಿ ಸಾಲು ಬೇಕು, ಸಾಲಿಗೆ ಸುಮಾರು 60 ಕೊಳವೆ. ಲಿವರ್‌ಪೂಲ್ ಕ್ಯಾಥೆಡ್ರಲ್‌ನಲ್ಲಿ 10 ಸಾವಿರಕ್ಕೂ ಹೆಚ್ಚು ಕೊಳವೆಗಳಿರುವುದು ಈ ಲೆಕ್ಕದಿಂದಲೇ.

ಇಷ್ಟೆಲ್ಲ ಕಾರ್ಖಾನೆಯಲ್ಲಿ ಮುಗಿಯುತ್ತದೆ, ಆದರೆ ವಾದ್ಯ ಇನ್ನೂ ತಯಾರಾಗಿರುವುದಿಲ್ಲ. ನನಗೆ ಬೆರಗು ಹುಟ್ಟಿಸುವುದು ಇದೇ. ಪೇಟಿಯನ್ನು ಬಗಲಲ್ಲಿಟ್ಟುಕೊಂಡು ಬಸವಕಲ್ಯಾಣಕ್ಕೂ ಹೋಗಬಹುದು, ಸೊಲ್ಲಾಪುರಕ್ಕೂ ಹೋಗಬಹುದು. ಆರ್ಗನ್ನಿಗೆ ಅದು ನಿಂತ ಕಟ್ಟಡವೇ ಕೊನೆಯ ಬಿಡಿಭಾಗ. ಕಲ್ಲಿನ ಗೋಡೆ ದನಿಯನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ, ಯಾವ ಮೂಲೆ ಮಂದ್ರವನ್ನು ನುಂಗುತ್ತದೆ ಎಂಬುದನ್ನು ಕೇಳಿಕೊಂಡೇ ಒಂದೊಂದು ಕೊಳವೆಯ ತುಟಿಯನ್ನೂ ಅಲ್ಲೇ ತಿದ್ದಬೇಕು. 2019ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ನೋತ್ರ್ ದಾಮ್ ಹೊತ್ತಿ ಉರಿದಾಗ ಸುಮಾರು 8 ಸಾವಿರ ಕೊಳವೆಗಳ ಅಲ್ಲಿನ ದೊಡ್ಡ ಆರ್ಗನ್ ಸುಡಲಿಲ್ಲ. ಆದರೆ ಕರಗಿದ ಮಾಡಿನ ಸೀಸದ ಧೂಳು ಅದರ ಮೇಲೆಲ್ಲ ಕೂತಿತ್ತು. ಕೊಳವೆಗಳನ್ನು ಬಿಚ್ಚಿ, ಬೇರೆ ಬೇರೆ ಊರುಗಳ ಕಾರ್ಯಾಗಾರಗಳಲ್ಲಿ ತೊಳೆದು ಮತ್ತೆ ಜೋಡಿಸಿದರು. ಸ್ವರ ಕೂಡಿಸುವ ಕೆಲಸವನ್ನು ಮಾತ್ರ ತಿಂಗಳುಗಟ್ಟಲೆ ರಾತ್ರಿ ಹೊತ್ತು ಮಾಡಿದರು. ಹಗಲು ಗಾರೆ ಕೆಲಸದ ಸದ್ದು; ಕಟ್ಟಡ ಏನು ಹೇಳುತ್ತದೆಂದು ಕೇಳಬೇಕಾದರೆ ಅದು ಸುಮ್ಮನಿರಬೇಕು.

ಗಾಳಿಯ ಬಿಸಿಯನ್ನೂ ಮರೆಯುವಂತಿಲ್ಲ. ನಮ್ಮ ಕಡೆ ಚಳಿಗಾಲದ ಮುಂಜಾನೆ 15 ಡಿಗ್ರಿ, ಬೇಸಿಗೆ ಮಧ್ಯಾಹ್ನ 42 ಡಿಗ್ರಿ ಎಂದಿಟ್ಟುಕೊಳ್ಳಿ. ಬಿಸಿಗಾಳಿಯಲ್ಲಿ ಶಬ್ದದ ಓಟ ಹೆಚ್ಚುವುದರಿಂದ ಕೊಳವೆಯ ಶ್ರುತಿ ಮೇಲೇರುತ್ತದೆ. ಈ ಎರಡು ಹೊತ್ತುಗಳ ನಡುವೆ, ಪೇಟಿಯ ಬಿಳಿ ಮನೆಗೂ ಪಕ್ಕದ ಕಪ್ಪು ಮನೆಗೂ ಇರುವ ಅಂತರದ ಮುಕ್ಕಾಲು ಪಾಲು! ಹಿತ್ತಾಳೆಯ ನಾಲಿಗೆ ಹಾಗೆ ಜಗ್ಗುವುದಿಲ್ಲ. ಆ ಮಟ್ಟಿಗೆ ನಮ್ಮ ಪೇಟಿಯೇ ಗಟ್ಟಿ.

ಹಾಗೆಂದು ಕೊಳವೆ ವಾದ್ಯ ಕನ್ನಡ ನೆಲಕ್ಕೆ ಚರ್ಚಿನ ಬಾಗಿಲಿನಿಂದಲೇ ಬಂತು ಎನ್ನುವಂತಿಲ್ಲ. ಬೆಂಗಳೂರಿನ ಆ ಚರ್ಚಿಗೆ ಅಡಿಗಲ್ಲು ಬೀಳುವುದಕ್ಕೆ ಸುಮಾರು 70 ವರ್ಷ ಮೊದಲೇ ಟಿಪ್ಪು ಸುಲ್ತಾನನಿಗಾಗಿ ಮರದ ಹುಲಿಯೊಂದು ತಯಾರಾಗಿತ್ತು. ಕೆಳಗೆ ಬಿದ್ದ ಬಿಳಿಯ ಸಿಪಾಯಿಯ ಕುತ್ತಿಗೆ ಕಚ್ಚಿ ನಿಂತ ಹುಲಿ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಉಸಿರಾಡಿ ಹುಲಿ ಗುರುಗುಡುತ್ತದೆ, ಸಿಪಾಯಿ ನರಳುತ್ತ ಕೈ ಎತ್ತುತ್ತಾನೆ. ಪಕ್ಕೆಯ ಬಾಗಿಲು ತೆಗೆದರೆ 18 ಮನೆಗಳ ಪುಟ್ಟ ಪೈಪ್ ಆರ್ಗನ್. ಕಲ್ಲಿನ ಮಾಡಿನ ಬದಲು ಹುಲಿಯ ಹೊಟ್ಟೆಯೇ ಅದರ ಕೋಣೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿ ಸರ್ಕಾರ ಅದನ್ನು ಲಂಡನ್ನಿಗೆ ಹೊತ್ತೊಯ್ಯಿತು. ಈಗ ಅದು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಅದಕ್ಕೂ ಮೊದಲು ಅದನ್ನು ಕಂಪನಿಯ ಕಚೇರಿಯಲ್ಲಿ, ಗ್ರಂಥಾಲಯದ ಹತ್ತಿರ ಇಟ್ಟಿದ್ದರು. ಬಂದವರೆಲ್ಲ ಹಿಡಿಕೆ ತಿರುಗಿಸುವವರೇ. ಓದಲು ಕೂತವರು ಹುಲಿಯ ಗಲಾಟೆ ತಡೆಯಲಾರದೆ ದೂರು ಹೇಳುತ್ತಿದ್ದರಂತೆ.