ಮನೆಯ ನೀರೂ ಅದರ ಶೋಧನೆಯೂ

ಮನೆಯೊಳಕ್ಕೆ ಬರುವ ನೀರು ಎಂದೂ ಬರಿಯ ನೀರಾಗಿರುವುದಿಲ್ಲ. ತಾನು ಇಂಗಿದ ನೆಲದ ಲವಣಗಳನ್ನೂ, ತಂಗಿದ ಕೆರೆಯ ಪಾಚಿಯನ್ನೂ, ಹಾದುಬಂದ ಕೊಳವೆಯ ತುಕ್ಕನ್ನೂ, ದಾರಿಯಲ್ಲಿ ಎಲ್ಲಾದರೂ ಒಳಚರಂಡಿಯ ಸೋಂಕು ತಗುಲಿದ್ದರೆ ಅದರ ರೋಗಾಣುಗಳನ್ನೂ ಹೊತ್ತುಕೊಂಡೇ ಅದು ನಮ್ಮ ಬಿಂದಿಗೆಯನ್ನು ಸೇರುತ್ತದೆ. ಇವುಗಳಲ್ಲಿ ಕೆಲವು ದೇಹಕ್ಕೆ ಬೇಕಾದವು, ಕೆಲವು ಇದ್ದರೂ ಬಾಧೆಯಿಲ್ಲದವು, ಕೆಲವು ಮಾತ್ರ ತೆಗೆಯಲೇಬೇಕಾದವು. ಆದಕಾರಣ ಯಾವ ಶೋಧಕವನ್ನು ಕೊಳ್ಳಬೇಕೆಂದು ಕೇಳುವುದಕ್ಕೆ ಮುನ್ನ ನಮ್ಮ ನೀರಿನಲ್ಲಿ ಏನೇನಿದೆಯೆಂದು ಕೇಳತಕ್ಕದ್ದು. ತೆಗೆಯಬೇಕಾದುದನ್ನಷ್ಟೇ ತೆಗೆದು, ನೀರನ್ನೂ ಇಂಧನವನ್ನೂ ಪೋಲುಮಾಡದೆ, ತನ್ನ ಆಯುಸ್ಸು ತೀರಿದ ಮೇಲೆ ಭೂಮಿಗೆ ಭಾರವಾಗದಿರುವ ಶೋಧಕವೇ ಪರಿಸರಕ್ಕೆ ಹಿತವಾದುದೆಂದು ನಾನು ಬಗೆದಿದ್ದೇನೆ. ಮುಂದಿನ ವಿಚಾರವೆಲ್ಲ ಈ ಒಂದು ನಿಲುವಿನಿಂದಲೇ ಹೊರಟದ್ದು.

ನಮ್ಮ ಪಟ್ಟಣಗಳಲ್ಲಿ ಈ ವಿಚಾರಕ್ಕೆ ಎಡೆಯಿಲ್ಲದಂತೆ ಮಾಡಿರುವುದು ಮನೆಮನೆಯ ಬಾಗಿಲಲ್ಲಿ ನಡೆಯುವ ಒಂದು ಪ್ರದರ್ಶನ. ಯಂತ್ರ ಮಾರಲು ಬಂದವರು ಎರಡು ಗಾಜಿನ ಲೋಟಗಳಲ್ಲಿ, ಒಂದಕ್ಕೆ ನಲ್ಲಿಯ ನೀರನ್ನೂ ಇನ್ನೊಂದಕ್ಕೆ ತಮ್ಮ ಯಂತ್ರದ ನೀರನ್ನೂ ತುಂಬಿ, ಎರಡರಲ್ಲಿಯೂ ಲೋಹದ ಕಡ್ಡಿಗಳನ್ನು ಇಳಿಬಿಟ್ಟು ವಿದ್ಯುತ್ತನ್ನು ಹಾಯಿಸುತ್ತಾರೆ. ಒಂದೆರಡು ನಿಮಿಷಗಳಲ್ಲಿ ನಲ್ಲಿಯ ನೀರು ಹಳದಿಗೆ ತಿರುಗಿ, ಬಳಿಕ ಕಂದಾಗಿ, ಮೇಲೆ ಕೆನೆಯಂತಹ ಕೊಳೆ ಕಟ್ಟಿಕೊಳ್ಳುತ್ತದೆ. ಯಂತ್ರದ ನೀರು ಮಾತ್ರ ತಿಳಿಯಾಗಿಯೇ ಉಳಿಯುತ್ತದೆ. ಇದನ್ನು ಕಂಡ ತಾಯಂದಿರು ಇಷ್ಟು ದಿನ ಮಕ್ಕಳಿಗೆ ಕುಡಿಸಿದ್ದು ಇದನ್ನೇ ಎಂದು ಬೆದರುವುದು ಸಹಜ. ಆದರೆ ಆ ಕೊಳೆ ನೀರಿನೊಳಗಿದ್ದುದಲ್ಲ. ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು, ಇನ್ನೊಂದು ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು. ಲವಣವುಳ್ಳ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಕಬ್ಬಿಣ ಕರಗಿ, ನೀರಿನೊಡನೆ ಕೂಡಿ, ತುಕ್ಕಿನ ಬಣ್ಣದ ಹೈಡ್ರಾಕ್ಸೈಡಾಗಿ ತೇಲುತ್ತದೆ. ಲವಣವನ್ನು ಕಳೆದ ನೀರಿನಲ್ಲಿ ವಿದ್ಯುತ್ತು ಹರಿಯದು, ಕಡ್ಡಿ ಕರಗದು, ಬಣ್ಣವೂ ಬಾರದು. ಆ ತಿಳಿನೀರಿಗೆ ಒಂದು ಚಿಟಿಕೆ ಅಡುಗೆಯ ಉಪ್ಪನ್ನು ಹಾಕಿ ಮತ್ತೊಮ್ಮೆ ಪರೀಕ್ಷೆ ನಡೆಸಿರೆಂದು ಕೇಳಿ ನೋಡಿ, ಅದೂ ಹಾಗೆಯೇ ಕದಡುವುದನ್ನು ಕಣ್ಣಾರೆ ಕಾಣಬಹುದು.

ಅವರ ಕೈಯಲ್ಲಿರುವ ಟಿ.ಡಿ.ಎಸ್. ಮೀಟರು ಸುಳ್ಳು ಹೇಳುವುದಿಲ್ಲ, ಆದರೆ ಹೇಳುವುದು ಒಂದೇ ಸಂಗತಿಯನ್ನು: ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಮೊತ್ತವೆಷ್ಟು ಎಂಬುದನ್ನು, ಅದನ್ನೂ ವಿದ್ಯುದ್ವಾಹಕತೆಯ ಮೂಲಕ ಊಹಿಸಿ. ಆ ಲವಣ ಕ್ಯಾಲ್ಸಿಯಮ್ಮಿನದೋ ಫ್ಲೋರೈಡೋ ಎಂದು ಅದು ತಿಳಿಯದು. ಟೈಫಾಯ್ಡಿನ ರೋಗಾಣುಗಳು ಇದ್ದರೂ ಇಲ್ಲದಿದ್ದರೂ ಅದರ ಅಂಕಿ ಕದಲದು. ಭಾರತೀಯ ಮಾನಕ ಸಂಸ್ಥೆಯು ಕುಡಿಯುವ ನೀರಿಗೆ ವಿಧಿಸಿದ ಪ್ರಮಾಣದಂತೆ ಲೀಟರಿಗೆ 500 ಮಿಲಿಗ್ರಾಂವರೆಗಿನ ವಿಲೀನ ಲವಣ ಸ್ವೀಕಾರಾರ್ಹವಾದುದು; ಬೇರೆ ನೀರೇ ದೊರೆಯದ ಕಡೆ 2000ದವರೆಗೂ ಅನುಮತಿಯುಂಟು. ಎಳನೀರಿನಲ್ಲಿ ಪೊಟ್ಯಾಸಿಯಮ್ ಒಂದೇ ಲೀಟರಿಗೆ ಸಾವಿರ ಮಿಲಿಗ್ರಾಮನ್ನು ಮೀರುತ್ತದೆಯೆಂಬುದನ್ನು ನೆನೆದರೆ, ಲವಣವೆಂಬುದೆಲ್ಲ ಮಲಿನವೆಂಬ ಭಾವನೆ ಎಷ್ಟು ನಿರಾಧಾರವಾದುದೆಂದು ಮನವರಿಕೆಯಾದೀತು.

ಈಗ ಮನೆಮನೆಯ ಅಡುಗೆಕೋಣೆಯ ಗೋಡೆಯನ್ನೇರಿ ಕುಳಿತಿರುವ ಆರ್.ಓ. ಯಂತ್ರವನ್ನು ನೋಡೋಣ. ಇದರ ಮೂಲತತ್ತ್ವವಾದ ಅಭಿಸರಣವನ್ನು ಫ್ರಾನ್ಸಿನ ಪಾದ್ರಿ ನೊಲೆ ಎಂಬವನು 1748ರಲ್ಲಿಯೇ ಕಂಡಿದ್ದನು. ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟಾಗ, ನೀರು ತಾನಾಗಿಯೇ ಒಳನುಗ್ಗಿ ಪೊರೆಯನ್ನು ಉಬ್ಬಿಸಿತು. ನೀರು ತೆಳುದ್ರಾವಣದ ಕಡೆಯಿಂದ ದಟ್ಟದ್ರಾವಣದ ಕಡೆಗೆ ಸಾಗುವುದು ಪ್ರಕೃತಿಯ ಕ್ರಮ. ಗಿಡದ ಬೇರು ಮಣ್ಣಿನ ತೇವವನ್ನು ಹೀರುವುದರಲ್ಲಿಯೂ ಇದೇ ಕ್ರಮವುಂಟು. ದಟ್ಟದ್ರಾವಣದ ಮೇಲೆ ಬಲವಾದ ಒತ್ತಡವನ್ನು ಹೇರಿದರೆ ಈ ಕ್ರಮವು ತಿರುಗಿ, ನೀರು ಲವಣವನ್ನು ಹಿಂದಕ್ಕೆ ಬಿಟ್ಟು ಪೊರೆಯ ಆಚೆಗೆ ಒಸರುತ್ತದೆ. ವಿಲೋಮ ಅಭಿಸರಣವೆಂದರೆ ಇಷ್ಟೆ. ಇದಕ್ಕೆ ಒಗ್ಗುವ, ಮೇಲೆ ಅತ್ಯಂತ ತೆಳುವಾದ ಒಂದು ಪದರವೂ ಕೆಳಗೆ ಸರಂಧ್ರವಾದ ಆಸರೆಯೂ ಉಳ್ಳ ಪೊರೆಯನ್ನು ಸಿಡ್ನಿ ಲೋಬ್ ಅವರೂ ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಅವರೂ ಕೂಡಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ 1960ರ ಸುಮಾರಿಗೆ ಸಿದ್ಧಪಡಿಸಿದರು. 1965ರಲ್ಲಿ ಕೋಅಲಿಂಗ ಎಂಬ ಸವಳುನೀರಿನ ಊರಿಗೆ ಇದರಿಂದಲೇ ಸಿಹಿನೀರನ್ನು ಒದಗಿಸಲಾಯಿತು. ಉಪ್ಪುನೀರೇ ಗತಿಯಾದ ಜನಕ್ಕೆ ಇದು ಮಹೋಪಕಾರ. ಆ ಇಬ್ಬರ ಸಾಧನೆಗೆ ಲೋಕವು ಋಣಿಯಾಗಿರಬೇಕಾದುದೇ ನ್ಯಾಯ.

ಆದರೆ ಪೊರೆ ತಡೆಹಿಡಿದ ಲವಣವು ಅಲ್ಲಿಯೇ ಕೂಡಿಬಿದ್ದರೆ ಪೊರೆ ಕಟ್ಟಿಕೊಂಡುಬಿಡುತ್ತದೆ. ಅದನ್ನು ಎಡೆಬಿಡದೆ ತೊಳೆದೊಯ್ಯಲು ಒಳಬಂದ ನೀರಿನ ಒಂದು ಪಾಲನ್ನು ಬಲಿಗೊಡಲೇಬೇಕು. ಕಡಿಮೆ ಒತ್ತಡದ ಪುಟ್ಟ ಪಂಪಿನಿಂದ ನಡೆಯುವ ಗೃಹಬಳಕೆಯ ಸಾಮಾನ್ಯ ಯಂತ್ರದಲ್ಲಿ ಒಂದು ಲೀಟರು ಕುಡಿಯಲು ಸಿಕ್ಕಿದರೆ ಸುಮಾರು ಮೂರು ಲೀಟರು ಸಪೂರವಾದ ಇನ್ನೊಂದು ಕೊಳವೆಯಲ್ಲಿ ಹೊರಬಿದ್ದು ಮೋರಿಗೆ ಹೋಗುತ್ತದೆ. ದಿನಕ್ಕೆ 10 ಲೀಟರು ಬೇಕಾದ ಮನೆಯಲ್ಲಿ 30 ಲೀಟರು, ವರ್ಷಕ್ಕೆ ಹತ್ತಿರ ಹತ್ತಿರ 11,000 ಲೀಟರು. ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, 500 ಮೀಟರು ಎತ್ತರ ನೂಕಿ ತರಬೇಕಾಗಿದೆ. ಅದರ ಲವಣವಾದರೋ ಮಾನಕದ ಮಿತಿಗಿಂತ ಎಷ್ಟೋ ಕೆಳಗೆ. ಇಂತಹ ನೀರಿಗೆ ಆರ್.ಓ. ಹಚ್ಚುವುದು, ಕಲ್ಲಿಲ್ಲದ ಅಕ್ಕಿಯನ್ನು ಆರಿಸಲು ಕುಳಿತು ಒಂದು ಸೇರನ್ನು ಇಟ್ಟುಕೊಂಡು ಮೂರು ಸೇರನ್ನು ಬೀದಿಗೆ ಚೆಲ್ಲಿದ ಹಾಗೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಮೇ ತಿಂಗಳಲ್ಲಿ, ವಿಲೀನ ಲವಣ 500 ಮಿಲಿಗ್ರಾಮಿಗಿಂತ ಕಡಿಮೆಯಿರುವೆಡೆ ಈ ಯಂತ್ರಗಳನ್ನು ನಿಷೇಧಿಸಬೇಕೆಂದು ಪರಿಸರ ಸಚಿವಾಲಯಕ್ಕೆ ಸೂಚಿಸಿದುದಕ್ಕೆ ಕಾರಣವೂ ಇದೇ. ಸಾಲದುದಕ್ಕೆ, ದೇಹಕ್ಕೆ ಬೇಕಾದ ಕ್ಯಾಲ್ಸಿಯಮ್, ಮೆಗ್ನೀಸಿಯಮ್‌ಗಳೂ ಆ ನೀರಿನೊಡನೆ ಮೋರಿಯ ಪಾಲಾಗುತ್ತವೆ. ಅವನ್ನು ಮರಳಿ ಬೆರೆಸಲು ಇನ್ನೊಂದು ಕಾರ್ಟ್ರಿಜ್, ಆ ಕಾರ್ಟ್ರಿಜ್ಜೂ ಪೊರೆಯೂ ಸವೆದಾಗ ಇನ್ನಷ್ಟು ಪ್ಲಾಸ್ಟಿಕ್ ಕಸ.

ಲವಣದ ದೋಷವಿಲ್ಲದ ನೀರಿನಲ್ಲಿ ಉಳಿಯುವ ಶತ್ರುಗಳು ಎರಡು: ಕದಡು ಮತ್ತು ರೋಗಾಣು. ಕದಡನ್ನು ಕಳೆಯುವ ವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. ಸುಶ್ರುತಸಂಹಿತೆಯು ಕಲುಷಿತ ಜಲವನ್ನು ತಿಳಿಗೊಳಿಸುವ ಏಳು ಸಾಧನಗಳನ್ನು ಹೆಸರಿಸುವಾಗ ಕತಕವನ್ನು, ಎಂದರೆ ನಾವು ಚಿಲ್ಲವೆನ್ನುವ ಮರದ ಬೀಜವನ್ನು, ಮೊದಲು ಹೇಳಿ, ಬಟ್ಟೆಯನ್ನೂ ಆ ಸಾಲಿನಲ್ಲಿ ಸೇರಿಸಿದೆ. ಬಟ್ಟೆಯ ವಿಷಯವನ್ನು ಹಗುರವಾಗಿ ಕಾಣಲಾಗದು. ರೀಟಾ ಕಾಲ್ವೆಲ್ ಮತ್ತು ಅವರ ಸಂಗಡಿಗರು ಬಾಂಗ್ಲಾದೇಶದ ಮತ್ಲಬ್ ಸೀಮೆಯ 65 ಹಳ್ಳಿಗಳಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಳೆಯ ಹತ್ತಿಯ ಸೀರೆಯನ್ನು ಹಲವು ಪದರವಾಗಿ ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರನ್ನು ಸೋಸಿದವರಲ್ಲಿ ಕಾಲರಾ 48%ರಷ್ಟು ಇಳಿಯಿತು. ಕಾಲರಾದ ರೋಗಾಣುವಾದರೋ ಬಟ್ಟೆಯ ಕಣ್ಣಿಗಿಂತ ಎಷ್ಟೋ ಚಿಕ್ಕದು. ಆದರೆ ಕೆರೆಕುಂಟೆಗಳಲ್ಲಿ ಅದು ಸೂಕ್ಷ್ಮವಾದ ಜಲಚರಗಳ ಮೈಗೆ ಗುಂಪುಗುಂಪಾಗಿ ಅಂಟಿಕೊಂಡಿರುತ್ತದೆ, ಆ ಜಲಚರಗಳು ಬಟ್ಟೆಯಲ್ಲಿ ಸಿಕ್ಕಿಬೀಳುತ್ತವೆ. ಹೊಸ ಸೀರೆಗಿಂತ ಹಳೆಯದೇ ಮೇಲಾಗಲು ಕಾರಣ, ಒಗೆದೊಗೆದು ನೂಲಿನ ಎಳೆಗಳು ಬಿಚ್ಚಿಕೊಂಡು ಕಣ್ಣುಗಳನ್ನು ಕಿರಿದುಮಾಡಿರುವುದು. ನೀರನ್ನು ಗಾಳಿಸಿಯೇ ಕುಡಿಯುವ ಜೈನ ಮನೆತನಗಳ ಆಚಾರವು ಜೀವದಯೆಯಿಂದ ಹುಟ್ಟಿದುದಾದರೂ, ಆರೋಗ್ಯವನ್ನೂ ಅದು ಕಾಪಾಡಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಟ್ಟೆಗಿಂತ ಒಂದು ಮೆಟ್ಟಿಲು ಮೇಲಿನದು ಸುಟ್ಟ ಮಣ್ಣಿನ ಕ್ಯಾಂಡಲ್. ಒಂದರ ಮೇಲೊಂದು ಕೂರುವ ಎರಡು ಸ್ಟೀಲಿನ ಪಾತ್ರೆಗಳು, ಮೇಲಿನದರಲ್ಲಿ ಎರಡೋ ಮೂರೋ ಬಿಳಿಯ ಕ್ಯಾಂಡಲುಗಳು, ಕೆಳಗಿನದಕ್ಕೆ ಒಂದು ನಲ್ಲಿ: ಹಿಂದಿನ ತಲೆಮಾರಿನ ಬಹುಪಾಲು ಪಟ್ಟಣದ ಮನೆಗಳಲ್ಲಿದ್ದ ಈ ಸಾಧನಕ್ಕೆ ವಿದ್ಯುತ್ತು ಬೇಡ, ಒಂದು ಹನಿಯೂ ಪೋಲಾಗದು, ನೀರಿನ ಭಾರವೇ ಅದನ್ನು ನಡೆಸುತ್ತದೆ. ಒಳ್ಳೆಯ ಕ್ಯಾಂಡಲಿನ ರಂಧ್ರಗಳು ಮೈಕ್ರಾನಿನ ಆಸುಪಾಸಿನಲ್ಲಿರುವುದರಿಂದ, ಬಹುತೇಕ ಬ್ಯಾಕ್ಟೀರಿಯಾಗಳು ಆ ಅಂಕುಡೊಂಕಾದ ದಾರಿಯಲ್ಲಿ ತಡೆದು ನಿಲ್ಲುತ್ತವೆ. ಮೇಲ್ಮೈ ಕಟ್ಟಿ ನೀರು ನಿಧಾನವಾದರೆ ಸೋಪಿಲ್ಲದೆ ಮೃದುವಾದ ಬ್ರಷ್ಷಿನಿಂದ ಉಜ್ಜಿ ತೊಳೆದರೆ ಸಾಕು. ವೈರಸ್ಸುಗಳು ಇನ್ನೂ ಚಿಕ್ಕವು, ಅವು ನುಸುಳಿಯಾವು. ಕ್ಯಾಂಡಲಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟರೆ ಬ್ಯಾಕ್ಟೀರಿಯಾಗಳೂ ನುಸುಳಿಯಾವು. ನೀರಿಗೆ ಚರಂಡಿಯ ಸೋಂಕಿನ ಶಂಕೆಯಿರುವಲ್ಲಿ ಸೋಸಿದ ಮೇಲೆ ಇನ್ನೊಂದು ಸಂಸ್ಕಾರ ಬೇಕು.

ಆ ಸಂಸ್ಕಾರಗಳಲ್ಲಿ ಹಿರಿಯದು ಕಾಯಿಸುವುದು. ನೀರು ಕೊತಕೊತನೆ ಒಂದು ನಿಮಿಷ ಕುದಿದರೆ ರೋಗಾಣುಗಳು ಅಳಿಯುತ್ತವೆ. ಹತ್ತು ಹದಿನೈದು ನಿಮಿಷ ಕುದಿಸುವುದು ವ್ಯರ್ಥ. ಹಾಗಿದ್ದರೂ ದಿನಕ್ಕೆ 10 ಲೀಟರನ್ನು ಕುದಿಗೆ ತರಲು ವರ್ಷಕ್ಕೆ ಸುಮಾರು ಮೂರು ಸಿಲಿಂಡರುಗಳಷ್ಟು ಅನಿಲ ಉರಿಯುತ್ತದೆಂಬುದು ಲೆಕ್ಕ ಹಾಕಿದರೆ ಸಿಗುವ ಅಂಕಿ. ಅಷ್ಟೇ ನೀರನ್ನು 11 ವಾಟಿನ ಅತಿನೇರಳೆ ದೀಪದ ಮುಂದೆ ನಿಮಿಷಕ್ಕೊಂದು ಲೀಟರಿನಂತೆ ಹಾಯಿಸಿದರೆ ತಗಲುವ ಶಕ್ತಿ ಅದರ ನಾನೂರರಲ್ಲಿ ಒಂದು ಪಾಲೂ ಆಗದು. ಈ ಕಿರಣಗಳು ರೋಗಾಣುಗಳ ಡಿ.ಎನ್.ಎ.ಯನ್ನು ಕೆಡಿಸಿ ಅವುಗಳ ಸಂತಾನವನ್ನೇ ನಿಲ್ಲಿಸುತ್ತವೆ, ನೀರನ್ನು ಚೆಲ್ಲುವುದಿಲ್ಲ, ಲವಣವನ್ನು ಮುಟ್ಟುವುದಿಲ್ಲ. ಕದಡಿನ ಮರೆಯಲ್ಲಿ ಅಡಗಿದ ರೋಗಾಣುವಿಗೆ ಕಿರಣ ತಾಗದಾದ್ದರಿಂದ ಮುಂಚೆ ಚೆನ್ನಾಗಿ ಸೋಸಿರಬೇಕು; ದೀಪದಲ್ಲಿ ಕಿಂಚಿತ್ತು ಪಾದರಸವಿರುವುದರಿಂದ ಸವೆದ ದೀಪವನ್ನು ಕಸದ ಬುಟ್ಟಿಗೆ ಎಸೆಯಬಾರದು. ಕ್ಲೋರಿನ್ನಿನ ವಾಸನೆಯೊಂದೇ ತೊಂದರೆಯಾದರೆ ತೆಂಗಿನ ಚಿಪ್ಪಿನಿಂದ ಮಾಡಿದ ಸಕ್ರಿಯ ಇದ್ದಿಲಿನ ಸೋಸುಕ ಸಾಕು. ತಾಮ್ರದ ಬಿಂದಿಗೆಯಲ್ಲಿ 16 ಗಂಟೆಗಳ ಕಾಲ ಇಟ್ಟ ನೀರಿನಲ್ಲಿ ಅತಿಸಾರದ ಬ್ಯಾಕ್ಟೀರಿಯಾಗಳು ನಾಶವಾದುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ್ದಾರೆ. ಶುದ್ಧನೀರನ್ನು ಕೂಡಿಡಲು ಅದಕ್ಕಿಂತ ಒಳ್ಳೆಯ ಪಾತ್ರೆಯನ್ನು ನಾನು ಕಾಣೆ.

ಇಷ್ಟು ಹೇಳಿದ್ದು ಕಾವೇರಿಯಂತಹ ಮೆದುನೀರಿನ ಮಾತು. ಪಾವಗಡ, ಮುಂಡರಗಿ, ಕೋಲಾರ, ರಾಯಚೂರುಗಳ ಕಡೆ ನೂರಾರು ಅಡಿ ಆಳದ ಕೊಳವೆಬಾವಿಗಳ ನೀರನ್ನು ಕುಡಿಯುವ ಜನರ ಸ್ಥಿತಿ ಬೇರೆ. ಅಲ್ಲಿಯ ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ದೀರ್ಘಕಾಲ ತಂಗಿದ ನೀರು ಫ್ಲೋರೈಡನ್ನು ಕರಗಿಸಿಕೊಂಡಿರುತ್ತದೆ; ಮಾನಕದ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗೆ, ಹೆಚ್ಚೆಂದರೆ 1.5ರೊಳಗೆ ಇರತಕ್ಕದ್ದು. ಮೀರಿದಲ್ಲಿ ಮಕ್ಕಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳೇಳುತ್ತವೆ, ವರ್ಷಗಳು ಕಳೆದಂತೆ ಮೂಳೆಗಳು ಬಿಗಿದು ಸೊಂಟ ಬಗ್ಗದಾಗುತ್ತದೆ. ಇದನ್ನು ಬಟ್ಟೆ ತೆಗೆಯದು, ಕ್ಯಾಂಡಲ್ ತೆಗೆಯದು, ಅತಿನೇರಳೆ ದೀಪ ತೆಗೆಯದು. ಕಾಯಿಸಿದರೆ ನೀರು ಆವಿಯಾಗಿ ಅದು ಇನ್ನಷ್ಟು ದಟ್ಟವೇ ಆಗುತ್ತದೆ. ಇಂತಹ ಊರಿನಲ್ಲಿ ಆರ್.ಓ. ಯಂತ್ರವನ್ನು ನಾನು ಅಲ್ಲಗಳೆಯಲಾರೆ. ನೀರನ್ನು ಚೆಲ್ಲದೆ ಫ್ಲೋರೈಡನ್ನು ಹಿಡಿಯುವ ಸಕ್ರಿಯ ಅಲ್ಯೂಮಿನಾದ ಸೋಸುಕವೂ ಉಂಟು. ಆದರೆ ಆಗಾಗ ಅದನ್ನು ಕ್ಷಾರದಲ್ಲಿಯೂ ಆಮ್ಲದಲ್ಲಿಯೂ ತೊಳೆದು ಪುನಶ್ಚೇತನಗೊಳಿಸಬೇಕಾದುದರಿಂದ ಒಂದು ಮನೆಗಿಂತ ಒಂದು ಕೇರಿಗೆ ಅದು ಹೆಚ್ಚು ಹೊಂದುತ್ತದೆ. ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕಗಳು ಹೊರಚೆಲ್ಲುವ ಸಾಂದ್ರಜಲವನ್ನು ಘಟಕದ ಹಿಂದಿನ ಗುಂಡಿಗೆ ಬಿಟ್ಟರೆ ಅದು ಮತ್ತೆ ಅದೇ ಅಂತರ್ಜಲಕ್ಕೆ ಇಳಿದು ನಾಳೆಯ ನೀರನ್ನು ಕೆಡಿಸುತ್ತದೆಂಬುದನ್ನು ಪಂಚಾಯಿತಿಗಳು ಗಂಭೀರವಾಗಿ ಪರಿಗಣಿಸಬೇಕು.

ಈ ಸೀಮೆಗೆ ಎಲ್ಲಕ್ಕಿಂತ ಹಿತವಾದ ಪರಿಹಾರ ಆಕಾಶದಲ್ಲಿಯೇ ಇದೆ. ಮಳೆಯ ನೀರು ಬಂಡೆಯನ್ನು ಕಾಣದ ನೀರು, ಅದರಲ್ಲಿ ಫ್ಲೋರೈಡು ಇಲ್ಲವೆನ್ನುವಷ್ಟು ಕಡಿಮೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಒಂದು ಲೀಟರು. ವರ್ಷಕ್ಕೆ 500 ಮಿಲಿಮೀಟರು ಮಾತ್ರ ಸುರಿಯುವ ಬಯಲುಸೀಮೆಯಲ್ಲಿ 50 ಚದರ ಮೀಟರಿನ ತಾರಸಿಯ ಮೇಲೆ 25,000 ಲೀಟರು ಬೀಳುತ್ತದೆ, ಐದನೆಯ ಒಂದು ಪಾಲು ಸೋರಿಹೋದರೂ 20,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲೂ ಅಡುಗೆಗೂ ದಿನಕ್ಕೆ 25 ಲೀಟರು ಹಿಡಿದರೆ ವರ್ಷಕ್ಕೆ ಬೇಕಾದುದು 9,125 ಲೀಟರು. ಮೊದಲ ಮಳೆಯನ್ನು ಹೊರಕ್ಕೆ ಬಿಟ್ಟು, ಉಳಿದುದನ್ನು ಜಲ್ಲಿ-ಮರಳಿನಲ್ಲಿ ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿಟ್ಟು, ಕುಡಿಯುವ ಮುನ್ನ ಕಾಯಿಸಿದರೆ ಬೇರೆ ಯಂತ್ರ ಬೇಡ. ಮರಳನ್ನು ಅಲ್ಪವೆಂದೆಣಿಸಬಾರದು: 1892ರಲ್ಲಿ ಎಲ್ಬೆ ನದಿಯ ನೀರನ್ನು ಸೋಸದೆ ಕುಡಿದ ಹ್ಯಾಂಬರ್ಗಿನಲ್ಲಿ ಕಾಲರಾ ಎಂಟು ಸಾವಿರಕ್ಕೂ ಮಿಕ್ಕಿ ಜನರನ್ನು ಬಲಿತೆಗೆದುಕೊಂಡಾಗ, ಅದೇ ನದಿಯ ಇನ್ನೂ ಕೆಳಗಿನ, ಹ್ಯಾಂಬರ್ಗಿನ ಕೊಳಚೆ ಬೆರೆತ ನೀರನ್ನೇ ಮರಳಿನಲ್ಲಿ ಸೋಸಿ ಕುಡಿದ ನೆರೆಯ ಆಲ್ಟೋನ ಬಹುಮಟ್ಟಿಗೆ ಪಾರಾಯಿತು.

ಮನೆಯಲ್ಲಿ ಆರ್.ಓ. ಈಗಾಗಲೇ ಇದ್ದವರು ಅದನ್ನು ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. ಅದರ ತ್ಯಾಜ್ಯದ ಕೊಳವೆಯನ್ನು ಬಕೆಟ್ಟಿಗೆ ಇಳಿಸಿರಿ. 200 ಮಿಲಿಗ್ರಾಂ ಲವಣದ ನೀರು ಒಳಹೋದರೆ ಹೊರಬೀಳುವುದರಲ್ಲಿ ಸುಮಾರು 260 ಮಾತ್ರವಿದ್ದು, ಪಾತ್ರೆ ತೊಳೆಯಲೂ ನೆಲ ಒರೆಸಲೂ ಗಿಡಗಳಿಗೂ ಅದು ಯೋಗ್ಯವಾಗಿಯೇ ಇದೆ. 1500ರ ನೀರಾದರೆ ತ್ಯಾಜ್ಯ 2000ಕ್ಕೆ ಏರುವುದರಿಂದ ಗಿಡಗಳಿಗೆ ಹಾಕದೆ ಕಕ್ಕಸಿಗೆ ಬಳಸತಕ್ಕದ್ದು. ಹೊಸದಾಗಿ ಕೊಳ್ಳಲು ಹೊರಟವರು ಅಂಗಡಿಗೆ ಹೋಗುವ ಮೊದಲು ಒಂದು ಶುಚಿಯಾದ ಬಾಟಲಿಯಲ್ಲಿ ತಮ್ಮ ನೀರನ್ನು ಹಿಡಿದುಕೊಂಡು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಹೋಗಲಿ. ವಿಲೀನ ಲವಣ, ಫ್ಲೋರೈಡ್, ನೈಟ್ರೇಟ್, ಬ್ಯಾಕ್ಟೀರಿಯಾ ಈ ನಾಲ್ಕನ್ನು ಅಗತ್ಯವಾಗಿ ಪರೀಕ್ಷೆ ಮಾಡಿಸಲಿ. ಕೊಳವೆಬಾವಿಯ ನೀರಾದರೆ ಮಳೆಗಾಲ ಮುಗಿದ ಮೇಲೊಮ್ಮೆ, ಬಿರುಬೇಸಗೆಯಲ್ಲಿ ಇನ್ನೊಮ್ಮೆ ಮಾಡಿಸುವುದು ಮೇಲು. ಲವಣ 500ರೊಳಗಿದ್ದು, ಫ್ಲೋರೈಡೂ ನೈಟ್ರೇಟೂ ಮಿತಿಯೊಳಗಿದ್ದರೆ ಕ್ಯಾಂಡಲಿನ ಫಿಲ್ಟರನ್ನೋ ಅತಿನೇರಳೆ ದೀಪದ ಯಂತ್ರವನ್ನೋ ತನ್ನಿ, ಆರ್.ಓ.ವನ್ನು ಅದು ಬೇಕಾದವರಿಗೆ ಬಿಡಿ.