ಖಳನಾಯಕನ ಹಾಡು

೨೦೨೪ನೆಯ ಇಸವಿಯ ಅಕ್ಟೋಬರು ತಿಂಗಳಿನಲ್ಲಿ ಒಂದು ರಾತ್ರಿ ನನ್ನ ಮಗನು ವೈಟ್‌ಫೀಲ್ಡಿನ ಚಿತ್ರಮಂದಿರದಿಂದ ವರ್ತೂರಿನ ನಮ್ಮ ಮನೆಗೆ ಹಿಂದಿರುಗಿ, ಊಟಕ್ಕೆ ಕುಳಿತೊಡನೆಯೇ ಗೊಣಗಲಾರಂಭಿಸಿದನು. “ಹಣವೆಲ್ಲ ದಂಡವಾಯಿತು. ಕೇಡಿಗನು ಊರನ್ನೇ ನಡುಗಿಸುವನೆಂದು ನೋಡಹೋದರೆ, ಅವನು ಹಾಡುತ್ತ ಕುಳಿತಿದ್ದಾನೆ!” ಮಜ್ಜಿಗೆ ಬಡಿಸುತ್ತಿದ್ದ ನನ್ನ ತಾಯಿಯವರು ಕೈ ತಡೆದು, “ಕೇಡಿಗನಾದವನು ಹಾಡದೆ ಇನ್ನೇನು ಮಾಡಿಯಾನು? ನಿನ್ನ ತಾತನೂ ಹಾಡಿದವನೇ” ಎಂದರು. ಮಗನಿಗೆ ಈ ಮಾತು ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. ಆ ರಾತ್ರಿ ಬಹಳ ಹೊತ್ತಿನವರೆಗೆ ನಿದ್ರೆ ಬರಲಿಲ್ಲ. ಮಾರನೆಯ ವಾರ ನಾನೂ ಹೋಗಿ ಆ ಚಿತ್ರವನ್ನು ನೋಡಿ ಬಂದೆನು. ಆಗ ಮನಸ್ಸಿಗೆ ತೋಚಿದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಆ ಚಿತ್ರದ ಹೆಸರು ‘ಜೋಕರ್: ಫೋಲಿ ಅ ದ್ಯೂ’. ಇಬ್ಬರು ಹಂಚಿಕೊಂಡ ಒಂದೇ ಹುಚ್ಚು ಎಂಬುದು ಈ ಫ್ರೆಂಚ್ ನುಡಿಯ ತಾತ್ಪರ್ಯ. ಜೋಕರನೆಂಬವನು ಅಮೆರಿಕ ದೇಶದ ಚಿತ್ರಕಥಾಪುಸ್ತಕಗಳ ಪ್ರಸಿದ್ಧನಾದ ಖಳನು. ೧೯೪೦ರಲ್ಲಿ ‘ಬ್ಯಾಟ್‌ಮನ್’ ಎಂಬ ಪತ್ರಿಕೆಯ ಮೊದಲನೆಯ ಸಂಚಿಕೆಯಲ್ಲಿ ಅವನು ಕಾಣಿಸಿಕೊಂಡನು. ಅವನ ಆ ಎಂದೂ ಮಾಸದ ನಗೆಮೊಗಕ್ಕೆ, ೧೯೨೮ರ ಒಂದು ಮೂಕಚಿತ್ರದಲ್ಲಿ ಕಾನ್‌ರಾಡ್ ವೈಟ್ ಎಂಬ ನಟನು ಧರಿಸಿದ್ದ ವೇಷವೇ ಮಾದರಿಯಾಯಿತು. ೨೦೧೯ರಲ್ಲಿ ಟಾಡ್ ಫಿಲಿಪ್ಸ್ ಎಂಬ ನಿರ್ದೇಶಕನು ಈ ಖಳನನ್ನೇ ನಾಯಕನನ್ನಾಗಿ ಮಾಡಿ ಒಂದು ಚಿತ್ರವನ್ನು ತೆಗೆದನು. ಅದರಲ್ಲಿ ಅಭಿನಯಿಸಿದ ವಾಕೀನ್ ಫೀನಿಕ್ಸನಿಗೆ ಮರುವರ್ಷ ಆಸ್ಕರ್ ಪಾರಿತೋಷಕವು ದೊರೆಯಿತು. ಚಿತ್ರವು ನೂರು ಕೋಟಿ ಡಾಲರುಗಳಿಗೂ ಹೆಚ್ಚು ಗಳಿಸಿತು. ಎರಡನೆಯ ಭಾಗವಾಗಿ ಬಂದ ೨೦೨೪ರ ಚಿತ್ರವನ್ನು ಅವರು ಸಂಗೀತನಾಟಕವನ್ನಾಗಿ ಮಾಡಿದರು. ಜನರು ಮುನಿದರು, ಗಳಿಕೆಯು ಮೊದಲಿನದರ ಐದನೆಯ ಒಂದು ಪಾಲಿನಷ್ಟಕ್ಕೆ ಇಳಿಯಿತು.

ಆದರೆ ಚಿತ್ರದ ಸೋಲು ಬೇರೆ, ನಟರ ಸೋಲು ಬೇರೆ. ಫೀನಿಕ್ಸನು ಎಲುಬುಗಳು ಎದ್ದು ಕಾಣುವ ಮೈಯೊಡನೆ ಬಂದು ಸೆರೆಮನೆಯ ಅಂಗಳದಲ್ಲಿ ನಿಲ್ಲುವಾಗ, ಅವನ ಬೆನ್ನು ಸಹ ಅಭಿನಯಿಸುತ್ತದೆ. ಅವನ ನಗು ಸಂತೋಷದ ನಗುವಲ್ಲ. ಕೆಮ್ಮಿನಂತೆ ಕರೆಯದೆ ಬರುವ ಒಂದು ವ್ಯಾಧಿ. ಅವನ ಹಾಡು ಹಾಡಾಗಿ ಆರಂಭವಾಗುವುದಿಲ್ಲ. ಮಾತು ತೊದಲಿ, ತೊದಲು ರಾಗವಾಗಿ, ರಾಗವು ನಡುವೆಯೇ ಒಡೆದುಹೋಗುತ್ತದೆ. ಅವನನ್ನು ಮೋಹಿಸುವ ಲೀ ಎಂಬ ಯುವತಿಯ ಪಾತ್ರದಲ್ಲಿ ಲೇಡಿ ಗಾಗಾ ಇದ್ದಾಳೆ. ಜಗತ್ಪ್ರಸಿದ್ಧಳಾದ ಈ ಗಾಯಕಿಯು ತನ್ನ ಕಂಠದ ವೈಭವವನ್ನು ಬೇಕೆಂದೇ ಅಡಗಿಸಿಟ್ಟು, ಹಾಡಲು ಕಲಿಯದ ಹೆಂಗಸೊಬ್ಬಳು ಗುನುಗುವಂತೆ ಹಾಡುತ್ತಾಳೆ. ಕನಸಿನ ದೃಶ್ಯಗಳಲ್ಲಿ ಮಾತ್ರ ಆ ಕಂಠವು ಬಿಡುಗಡೆಯಾಗುತ್ತದೆ. ಇವರಿಬ್ಬರೂ ಅನೇಕ ಹಾಡುಗಳನ್ನು ಕ್ಯಾಮೆರದ ಎದುರಿಗೇ ಹಾಡಿದರಂತೆ. ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲಿಲ್ಲ. ಕಾವಲುಗಾರನಾದ ಬ್ರೆಂಡನ್ ಗ್ಲೀಸನ್ ಒಂದೇ ಮುಖದಲ್ಲಿ ಹಾಸ್ಯವನ್ನೂ ಕ್ರೌರ್ಯವನ್ನೂ ಇಟ್ಟುಕೊಂಡು ನಮ್ಮನ್ನು ಹೆದರಿಸುತ್ತಾನೆ. ಇವರೆಲ್ಲರಿಗಿಂತಲೂ ನನ್ನ ಮನಸ್ಸಿನಲ್ಲಿ ನಿಂತವನು ಲೀ ಗಿಲ್ ಎಂಬ ಕುಳ್ಳದೇಹದ ನಟನು. ಖಳನ ಹಳೆಯ ಜೊತೆಗಾರನಾಗಿ ಅವನು ಸಾಕ್ಷಿಯ ಕಟ್ಟೆಯನ್ನೇರುತ್ತಾನೆ. ಕೊಲೆಯನ್ನು ಕಣ್ಣಾರೆ ಕಂಡ ದಿನದಿಂದ ತನಗೆ ನೆಮ್ಮದಿಯಿಲ್ಲವೆಂದೂ, ಹಿಂದೆ ತನ್ನನ್ನು ಹಾಸ್ಯಮಾಡದೆ ಇದ್ದವನು ಇವನೊಬ್ಬನೇ ಎಂದೂ ಹೇಳುವಾಗ, ಅವನ ಧ್ವನಿಯ ನಡುಕವೇ ಇಡೀ ಚಿತ್ರದ ನ್ಯಾಯಸ್ಥಾನವಾಗುತ್ತದೆ. ಅದನ್ನು ಕೇಳಿದ ಬಳಿಕ ಖಳನಿಗೆ ತನ್ನ ವೇಷವು ಭಾರವಾಗುತ್ತದೆ. ಜೋಕರನೆಂಬವನು ಬೇರೆ ಇಲ್ಲ, ಮಾಡಿದವನು ತಾನೇ ಎಂದು ಅವನು ಒಪ್ಪಿಕೊಳ್ಳುತ್ತಾನೆ. ಆ ಕ್ಷಣವೇ ಅವನನ್ನು ಕೊಂಡಾಡುತ್ತಿದ್ದವರು ಎದ್ದುಹೋಗುತ್ತಾರೆ, ಪ್ರಿಯತಮೆಯೂ ತೊರೆಯುತ್ತಾಳೆ. ಅವರಿಗೆ ಬೇಕಾಗಿದ್ದುದು ವೇಷವೇ ಹೊರತು ಮನುಷ್ಯನಲ್ಲ.

ಖಳನು ಹಾಡುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಬೆಂಗಳೂರಿನ ಸುತ್ತಣ ಹೊಸಕೋಟೆ, ಆನೇಕಲ್ಲು, ದೇವನಹಳ್ಳಿ, ಮಾಗಡಿ ಸೀಮೆಗಳಲ್ಲಿಯೂ, ಅತ್ತ ತುಮಕೂರಿನ ಕಡೆಯಲ್ಲಿಯೂ ಪೌರಾಣಿಕ ನಾಟಕವನ್ನು ಆಡುವ ಪದ್ಧತಿಯು ಇಂದಿಗೂ ಉಂಟು. ‘ಕುರುಕ್ಷೇತ್ರ’ವೇ ಅವುಗಳಲ್ಲಿ ಮುಖ್ಯ. ಹಾರ್ಮೋನಿಯಂ ಮೇಷ್ಟರೊಬ್ಬರು ಬಂದು ತಿಂಗಳುಗಟ್ಟಲೆ ಊರಿನವರಿಗೆ ಪದ್ಯಗಳನ್ನು ಕಲಿಸುವರು. ಪರದೆ, ಕಿರೀಟ, ಗದೆಗಳೆಲ್ಲ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ಬರುವುವು. ಇಲ್ಲಿ ನಟನಿಗೆ ಸಂಬಳವಿಲ್ಲ. ಪಾತ್ರವನ್ನು ಬಯಸಿದ ನಟನೇ ಹಣವನ್ನು ತೆರಬೇಕು. ಕೃಷ್ಣ, ದುರ್ಯೋಧನ ಮೊದಲಾದ ಪಾತ್ರಗಳಿಗೆ ಹೆಚ್ಚಿನ ಬೆಲೆ. ಧರ್ಮರಾಯನಾಗಲು ಇಲ್ಲದ ನೂಕುನುಗ್ಗಲು ದುರ್ಯೋಧನನಾಗಲು ಇರುವುದು! ಏಕೆಂದರೆ ಗದೆಯನ್ನು ಹೆಗಲಿಗೇರಿಸಿ ತಾರಸ್ಥಾಯಿಯಲ್ಲಿ ಪದ್ಯವನ್ನೆತ್ತಿ ಪ್ರವೇಶಿಸುವ ಆ ವೈಭವವು ಬೇರೆ ಯಾವ ಪಾತ್ರಕ್ಕೂ ಇಲ್ಲ. ಶಕುನಿಗೆ ಕುಂಟುನಡಿಗೆಯೂ ದಾಳವೂ ಸಾಕು, ಭೀಮನಿಗೆ ಅಬ್ಬರ ಸಾಕು. ದುರ್ಯೋಧನನಿಗಾದರೋ ಮೊದಲಲ್ಲಿ ಗರ್ವ, ನಡುವೆ ಛಲ, ಕೊನೆಯಲ್ಲಿ ದುಃಖ ಮೂರೂ ಬೇಕು. ಪದ್ಯವು ಹಿಡಿಸಿತೆಂದರೆ ಸಭೆಯು ‘ಒನ್ಸ್ ಮೋರ್’ ಎನ್ನುವುದು. ನಟನು ಸಾಯುವ ಸ್ಥಿತಿಯಲ್ಲಿದ್ದರೂ ಎದ್ದು ಮತ್ತೊಮ್ಮೆ ಹಾಡಬೇಕು.

ವೃತ್ತಿನಾಟಕದ ಕಂಪೆನಿಗಳು ಈ ಮಾರ್ಗವನ್ನು ಹಾಕಿಕೊಟ್ಟುವು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯು ೧೯೩೦ರ ದಶಕದಲ್ಲಿ ಜೀವಂತವಾದ ಆನೆಕುದುರೆಗಳನ್ನೇ ತಂದು ‘ಕುರುಕ್ಷೇತ್ರ’ವನ್ನು ಆಡಿತು. ಗುಬ್ಬಿ ವೀರಣ್ಣನವರು ‘ಸದಾರಮೆ’ಯಲ್ಲಿ ಕಳ್ಳನ ಪಾತ್ರಕ್ಕೆ ಹೆಸರಾದವರು. ನಗಿಸುವವನೂ ದೋಚುವವನೂ ಒಬ್ಬನೇ! ನಕ್ಕವರು ಯಾರೂ ಕಳ್ಳತನವನ್ನು ಮೆಚ್ಚಿದವರಲ್ಲ. ಆದರೂ ಆ ಕಳ್ಳನು ಯಾವಾಗ ಬರುವನೋ ಎಂದು ಕಾಯದಿದ್ದವರೂ ಇಲ್ಲ. ಅವರ ಮೊಮ್ಮಗಳಾದ ಬಿ. ಜಯಶ್ರೀಯವರು ಆ ನಾಟಕವನ್ನು ಮತ್ತೆ ರಂಗಕ್ಕೆ ತಂದು ಹೊಸ ತಲೆಮಾರಿಗೆ ತೋರಿಸಿಕೊಟ್ಟರು. ಇನ್ನು ಕಣಗಾಲ್ ಪ್ರಭಾಕರ ಶಾಸ್ತ್ರಿಗಳ ‘ಪ್ರಚಂಡ ರಾವಣ’ವಂತೂ ಖಳನ ಹೆಸರನ್ನೇ ಹೊತ್ತ ನಾಟಕ. ಅದರಲ್ಲಿ ರಾವಣನಾಗಿ ಗರ್ಜಿಸಿದ ಬೆಂಗಳೂರಿನ ಯುವಕ ವಜ್ರಮುನಿಯವರು ೧೯೬೯ರ ‘ಮಲ್ಲಮ್ಮನ ಪವಾಡ’ದ ಮೂಲಕ ಚಲಚ್ಚಿತ್ರಕ್ಕೆ ಬಂದು, ೨೦೦೬ರಲ್ಲಿ ತೀರಿಕೊಳ್ಳುವವರೆಗೂ ಕನ್ನಡಿಗರ ಮನಸ್ಸಿನಲ್ಲಿ ಖಳನೆಂದರೆ ಇವರೇ ಎಂಬಂತೆ ನಿಂತರು. ಚಿತ್ರಕಥಾಪುಸ್ತಕದ ಮಾತಿಗೆ ಬಂದರೂ ನಾವು ಹಿಂದುಳಿದವರಲ್ಲ. ಕಾರ್ಕಳದ ಅನಂತ ಪೈಯವರು ೧೯೬೭ರಲ್ಲಿ ಆರಂಭಿಸಿದ ‘ಅಮರ ಚಿತ್ರಕಥೆ’ಯ ಪುಟಗಳಲ್ಲಿ ನಮ್ಮ ರಾವಣಾದಿಗಳೂ ಬಣ್ಣಬಣ್ಣವಾಗಿ ಕುಳಿತಿದ್ದಾರೆ.

ಖಳನ ಹಿರಿಮೆಯನ್ನು ಕಾಣುವ ಈ ಕಣ್ಣು ನಮ್ಮ ಕವಿಗಳಿಂದ ಬಂದುದು. ಹತ್ತನೆಯ ಶತಮಾನದ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿ ಕಾವ್ಯವನ್ನು ಬರೆದರೂ, ಛಲಕ್ಕೆ ಹೆಸರಾದವನು ಯಾರೆಂದು ಹೇಳುವ ಸಂದರ್ಭ ಬಂದಾಗ ದುರ್ಯೋಧನನನ್ನೇ ಮೊದಲು ನೆನೆದನು. ಅದೇ ಶತಮಾನದ ಕೊನೆಯ ಭಾಗದಲ್ಲಿ ರನ್ನನು ‘ಗದಾಯುದ್ಧ’ದಲ್ಲಿ ಆ ದೊರೆಯನ್ನು ಹೆಣಗಳ ನಡುವೆ ನಡೆಯಿಸಿದನು. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ ಎಲ್ಲರೂ ನೆಲದಲ್ಲಿ ಬಿದ್ದಿರುವರು. ಅಲ್ಲಿ ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರವನ್ನು ಕಂಡು, ಅವನ ಸಾಹಸವನ್ನು ಕೊಂಡಾಡಿ ಕೈಮುಗಿಯುವ ದುರ್ಯೋಧನನನ್ನು ನೋಡಿ ಯಾರ ಕಣ್ಣು ಒದ್ದೆಯಾಗದು? ಈ ಕಾವ್ಯವನ್ನು ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ನಾಟಕವನ್ನಾಗಿ ಅಳವಡಿಸಿದರು. ನಾಗಚಂದ್ರನ ರಾಮಾಯಣದ ರಾವಣನನ್ನು ದುರಂತನಾಯಕನೆಂದು ವಿವರಿಸಿ ಪ್ರಬಂಧವನ್ನು ಬರೆದವರೂ ಅವರೇ. ಆ ರಾವಣನು ಸೀತೆಯ ಸ್ಥೈರ್ಯವನ್ನು ಕಂಡು ಒಳಗೊಳಗೇ ಪಶ್ಚಾತ್ತಾಪಪಡುವವನು. ಆದರೆ ಪಶ್ಚಾತ್ತಾಪವು ಕಾಲ ಮೀರಿ ಬಂದಿತು.

ಹೀಗಿದ್ದರೆ ಖಳನನ್ನು ಮೆಚ್ಚುವಂತೆ ಮಕ್ಕಳಿಗೆ ಕಲಿಸಿದಂತಾಗುವುದಿಲ್ಲವೆ ಎಂದು ಗೃಹಸ್ಥರು ಕೇಳಬಹುದು. ಈ ಪ್ರಶ್ನೆಗೆ ಪುಸ್ತಕದಿಂದ ಉತ್ತರ ಹೇಳಲಾರೆ. ನಮ್ಮ ಮನೆಯ ಒಂದು ಸಂಗತಿಯಿಂದ ಹೇಳುತ್ತೇನೆ.

೧೯೭೦ರ ದಶಕದಲ್ಲಿ ನಾನಿನ್ನೂ ಆರೇಳು ವರ್ಷದ ಹುಡುಗ. ಆಗ ವರ್ತೂರು ಕೆರೆಯ ನೀರಿನಿಂದ ಗದ್ದೆಗಳು ಬೆಳೆಯುತ್ತಿದ್ದುವು. ಇಂದು ಎದ್ದಿರುವ ಬಹುಮಹಡಿಯ ಮನೆಗಳ ಸುಳಿವೂ ಇರಲಿಲ್ಲ. ನಮ್ಮ ತಂದೆಯವರು ಬಲು ಬಿಗಿಯಾದ ಮನುಷ್ಯರು. ಮನೆಯಲ್ಲಿ ಅವರು ಗಟ್ಟಿಯಾಗಿ ನಕ್ಕುದನ್ನಾಗಲಿ ಅತ್ತುದನ್ನಾಗಲಿ ನಾವು ಕಂಡವರಲ್ಲ. ಒಂದು ವರ್ಷ ಅವರು ತಾಯಿಯವರನ್ನು ಕೇಳದೆಯೇ ಒಂದು ಜೊತೆ ಹೋರಿಗರುಗಳನ್ನು ಮಾರಿ, ದುರ್ಯೋಧನನ ಪಾತ್ರಕ್ಕೆ ಹಣ ಕಟ್ಟಿದರು. ತಾಯಿಯವರು ಮಾತನ್ನು ಬಿಟ್ಟರು. ಮನೆಯೊಳಗೆ ಮೂರು ತಿಂಗಳು ಮೌನ, ಹೊರಗೆ ಹಟ್ಟಿಯಲ್ಲಿ ಪದ್ಯಗಳ ಅಭ್ಯಾಸ.

ನಾಟಕದ ರಾತ್ರಿ ಬಂದಿತು. ಜುಗುಪ್ಸೆಯಿಂದಲೇ ತಾಯಿಯವರು ನನ್ನನ್ನೆತ್ತಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತರು. ದ್ರೌಪದಿಯನ್ನು ಸಭೆಗೆ ಎಳೆತರಿಸುವ ಭಾಗದಲ್ಲಿ ತಂದೆಯವರು ನಗುವಾಗ ನಾನು ಹೆದರಿ ಸೆರಗಿನಲ್ಲಿ ಮುಖವನ್ನು ಮುಚ್ಚಿಕೊಂಡೆನು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಅವರಿಗೆ ಶಾಪಹಾಕಿದಳು. ಬೆಳಗಿನ ಜಾವಕ್ಕೆ ಕರ್ಣನು ಬಿದ್ದನು. ತಂದೆಯವರು ಕಿರೀಟವಿಲ್ಲದೆ ಬಂದು, ಗೆಳೆಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಾರ್ಮೋನಿಯದ ಶ್ರುತಿಗಿಂತಲೂ ಕೆಳಗೆ, ಬಹಳ ಮೆಲ್ಲಗೆ ಹಾಡಿದರು. ಕಣ್ಣಿನಿಂದ ನೀರು ಹರಿದು ಮುಖದ ಬಣ್ಣವು ಕದಡಿತು. ಶಪಿಸಿದ್ದ ಆ ಮುದುಕಿಯೇ ಸೆರಗಿನಿಂದ ಕಣ್ಣೊರಸಿಕೊಂಡಳು. ‘ಒನ್ಸ್ ಮೋರ್’ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಆದರೂ ಮುಂದಿನ ದೃಶ್ಯದಲ್ಲಿ ಭೀಮನ ಗದೆಗೆ ತೊಡೆ ಮುರಿದಾಗ, ‘ಬೇಡ’ ಎಂದವರು ಯಾರೂ ಇಲ್ಲ. ಅವನ ದುಃಖಕ್ಕಾಗಿ ಅತ್ತ ಸಭೆಯೇ ಅವನಿಗೆ ಬಂದ ಶಿಕ್ಷೆಯನ್ನು ಒಪ್ಪಿಕೊಂಡಿತು. ಇದೇ ನನ್ನ ಉತ್ತರ. ಖಳನ ಹಾಡು ಅವನ ತಪ್ಪಿಗೆ ಕ್ಷಮಾಪತ್ರವಲ್ಲ. ಅವನೂ ನಮ್ಮಂತೆಯೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನು, ಆದುದರಿಂದ ನಾವೂ ಅವನಂತೆ ಕೆಡಬಲ್ಲೆವು, ಎಂಬ ಎಚ್ಚರಿಕೆ ಅದು. ಖಳನನ್ನು ಬರಿಯ ಗೊಂಬೆಯಾಗಿ ಕಂಡವನಿಗೆ ಈ ಎಚ್ಚರಿಕೆ ತಟ್ಟದು. ದೇವರಾಗಿ ಕಂಡವನಿಗೂ ತಟ್ಟದು. ಹಳ್ಳಿಯ ಸಭೆಗೆ ಈ ನಡುವಣ ದಾರಿಯು ಗೊತ್ತಿತ್ತು. ಅಮೆರಿಕದ ಆ ಚಿತ್ರವು ಹೇಳಹೊರಟದ್ದೂ ಇದನ್ನೇ; ಆದರೆ ವೇಷವನ್ನೇ ಮೋಹಿಸಿ ಬಂದಿದ್ದ ಪ್ರೇಕ್ಷಕರು, ಚಿತ್ರದೊಳಗಿನ ಹಿಂಬಾಲಕರಂತೆಯೇ, ಅರ್ಧದಲ್ಲಿ ಎದ್ದುಹೋದರು. ಅದರಲ್ಲಿ ಹಿಂಸೆಯೂ ಕತ್ತಲೆಯೂ ಬಹಳ; ಅಮೆರಿಕದಲ್ಲಿಯೇ ೧೭ ವರ್ಷದೊಳಗಿನವರಿಗೆ ಹಿರಿಯರ ಜೊತೆಯಿಲ್ಲದೆ ಪ್ರವೇಶವಿಲ್ಲ. ಚಿಕ್ಕಮಕ್ಕಳೊಡನೆ ನೋಡತಕ್ಕುದಲ್ಲವೆಂದು ಗೃಹಸ್ಥರು ತಿಳಿಯಬೇಕು.

ಇದನ್ನೆಲ್ಲ ಮಗನಿಗೆ ಹೇಳಿದೆನು. ಅವನು ಸುಮ್ಮನೆ ಕೇಳಿ, ಕೊನೆಯಲ್ಲಿ, “ತಾತ ಆಮೇಲೆ ಮತ್ತೆ ಪಾತ್ರ ಮಾಡಲಿಲ್ಲವೆ?” ಎಂದನು. ಉತ್ತರವನ್ನು ತಾಯಿಯವರು ಕೊಟ್ಟರು: “ಇಲ್ಲ. ಬೆಳಗಾದ ಮೇಲೆ ಬಣ್ಣ ತೊಳೆದುಕೊಂಡು ಹಸು ಕರೆಯಲು ಹೋದರು. ಹಿತ್ತಿಲಲ್ಲಿ ನಾನೇ ನೀರು ಹೊಯ್ದೆ. ಆ ಹೊತ್ತಿಗೆ ಮಾತು ಬಿಟ್ಟದ್ದು ಮರೆತುಹೋಗಿತ್ತು.”

ಈಗ ನಮ್ಮ ಮಗನು ಹತ್ತಿರದ ಊರಿನಲ್ಲಿ ‘ಕುರುಕ್ಷೇತ್ರ’ವು ಯಾವಾಗ ನಡೆಯುವುದೆಂದು ವಿಚಾರಿಸುತ್ತಿದ್ದಾನೆ. ಕಚೇರಿಯ ಕೆಲಸದವನು ಇಡೀ ರಾತ್ರಿ ಎಚ್ಚರವಿರಬಲ್ಲನೆ ಎಂಬ ಸಂಶಯ ನನಗಿದೆ. ತಾಯಿಯವರಿಗೆ ಸಂಶಯವಿಲ್ಲ. ಕರ್ಣನು ಬೀಳುವ ಹೊತ್ತಿಗೆ ತಾವೇ ಎಬ್ಬಿಸುವುದಾಗಿ ಅವರು ಹೇಳಿದ್ದಾರೆ.